ಹೆಸರಿಲ್ಲದ ಅಜ್ಜಿಯರು

(ಆಕಾಶವಾಣಿಯಲ್ಲಿ ಮಾಡಿದ ಭಾಷಣ)

ನಾನು ಹುಡುಗನಾಗಿದ್ದಾಗ, ಸುಗ್ಗಿ ಮುಗಿದ ಒಂದು ಬೆಳಿಗ್ಗೆ, ಹಾಸನದ ಸಮೀಪದ ಬೂವನಹಳ್ಳಿಯ ನಮ್ಮ ಮನೆಯ ಮುಂದೆ ಎತ್ತಿನ ಮೇಲೆ ಕುಳಿತು ಹೆಳವನೊಬ್ಬ ಬಂದ. ಕೈಯಲ್ಲಿ ಗಂಟೆ, ಹೆಗಲಲ್ಲಿ ಹಳೆಯ ಪುಸ್ತಕಗಳ ಗಂಟು. ಮನೆಮನೆಯ ವಂಶಾವಳಿಯನ್ನು ಕಾಪಾಡಿ, ಕೆಲವು ವರ್ಷಗಳಿಗೊಮ್ಮೆ ಬಂದು ಒಪ್ಪಿಸುವುದು ಹೆಳವರ ಕುಲವೃತ್ತಿ. ಜಗುಲಿಯಲ್ಲಿ ಹಿರಿಯರೆಲ್ಲ ಸೇರಿದರು. ಆತ ಮೂಲಪುರುಷನಿಂದ ಹಿಡಿದು ಏಳು ತಲೆಮಾರುಗಳನ್ನು ರಾಗವಾಗಿ ಓದಿಬಿಟ್ಟ.

ಮೊರದಲ್ಲಿ ರಾಗಿ ಹಿಡಿದು ನಿಂತಿದ್ದ ನಮ್ಮ ಅಜ್ಜಿ, "ಗಂಡಸರೆಲ್ಲ ಬಂದರು. ನಮ್ಮತ್ತೆಯ ಅತ್ತೆಯ ಹೆಸರೇನಪ್ಪ?" ಎಂದು ಕೇಳಿದಳು. ಆತ ಹಾಳೆ ತಿರುವಿ, "ಅರಕಲಗೂಡು ಕಡೆಯ ಹೆಣ್ಣು ಅಂತ ಇದೆ, ತಾಯಿ" ಎಂದ. "ಸೀಮೆಗೆ ಹೆಸರಿದೆ, ಅವಳಿಗಿಲ್ಲ" ಎಂದು ಅಜ್ಜಿ ನಕ್ಕು ರಾಗಿ ಸುರಿದಳು. ನಾವೂ ನಕ್ಕೆವು. ಅಜ್ಜಿಯ ಅತ್ತೆಯ ಹೆಸರೇನೆಂದು ಅಂದು ನಾನು ಕೇಳಬಹುದಾಗಿತ್ತು, ಕೇಳಲಿಲ್ಲ. ಬಹುಕಾಲದ ಮೇಲೆ ವಂಶವೃಕ್ಷ ಬರೆಯಲು ಕುಳಿತಾಗ ಅಜ್ಜಿ ಇರಲಿಲ್ಲ. ಒಂದಿದ್ದ ಖಾಲಿ ಜಾಗ ಎರಡಾಗಿತ್ತು.

ಪೂರ್ವಿಕರನ್ನು ಹುಡುಕುವ ಹಂಬಲ ನಮ್ಮದಷ್ಟೇ ಅಲ್ಲ. ಐರ್ಲೆಂಡಿನಲ್ಲಿ 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಬಂದಿತು. ಸುಮಾರು 10 ಲಕ್ಷ ಜನ ಸತ್ತರು. ಇನ್ನೂ ಹೆಚ್ಚು ಜನ ಹಡಗು ಹತ್ತಿದರು. ಅವರ ಮರಿಮಕ್ಕಳು ಇಂದು ಅಮೆರಿಕದಿಂದ, ಆಸ್ಟ್ರೇಲಿಯದಿಂದ ತಾತನ ಊರನ್ನು ಅರಸಿ ಬರುತ್ತಾರೆ. ಅವರ ದಾರಿಯೂ ಸುಗಮವಲ್ಲ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ ನಗರದ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು ಶತಮಾನಗಳ ಕಾಗದ ಬೂದಿಯಾಯಿತು. ಆದರೂ ಚರ್ಚುಗಳಲ್ಲಿ ಉಳಿದ ಪುಸ್ತಕಗಳಿವೆ. 1901 ಮತ್ತು 1911ರ ಜನಗಣತಿಯ ಹಾಳೆಗಳಿವೆ. ಆ ರಾತ್ರಿ ಆ ಮನೆಯಲ್ಲಿದ್ದ ಹೆಂಗಸರು, ಕೂಸುಗಳು, ಎಲ್ಲರ ಹೆಸರೂ ವಯಸ್ಸೂ ಅವುಗಳಲ್ಲಿವೆ. ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಅನೇಕ ವೇಳೆ ತಾಯಿಯ ತವರಿನ ಮನೆತನದ ಹೆಸರೂ ಸಿಗುತ್ತದೆ. ಅಷ್ಟನ್ನು ಕಳೆದುಕೊಂಡ ಜನಕ್ಕೂ ಅಜ್ಜಿಯನ್ನು ಹುಡುಕಲು ಒಂದು ಎಳೆ ಉಳಿದಿದೆ.

ನಮ್ಮಲ್ಲಿಯೂ ಅಂಥದೇ ಕ್ಷಾಮ ಬಂದಿತ್ತು. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಹಿರಿಯರು ಮರೆತಿರಲಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ! ಅನೇಕ ಮನೆತನಗಳ ಕಥೆ ಅಲ್ಲಿಯೇ ತುಂಡಾಗುತ್ತದೆ. ನಮ್ಮ ಕೈಗೆ ಸಿಗುವುದು ತಲೆಗಳ ಎಣಿಕೆ, ಹೆಸರುಗಳಲ್ಲ.

ಹಾಗೆಂದು ಹೆಣ್ಣಿನ ಹೆಸರನ್ನು ಬರೆದಿಡುವ ಪದ್ಧತಿ ಈ ನೆಲಕ್ಕೆ ಹೊಸದೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಿ ನೋಡಿ. ಹೊಯ್ಸಳರ ರಾಣಿ ಶಾಂತಲೆ ತೀರಿಕೊಂಡ ಮೇಲೆ ಆಕೆಯ ತಾಯಿ ಮಾಚಿಕಬ್ಬೆ ಅಲ್ಲಿ ಸನ್ಯಸನ ಕೈಗೊಂಡು ದೇಹ ಬಿಟ್ಟಳು. ಅದನ್ನು ಹೇಳುವ ಶಾಸನ ಮಾಚಿಕಬ್ಬೆಯ ತಾಯಿ ಬಾಚಿಕಬ್ಬೆಯನ್ನೂ ಹೆಸರಿಸುತ್ತದೆ. ಮಗಳು, ತಾಯಿ, ತಾಯಿಯ ತಾಯಿ: ಹೆಣ್ಣಿನ ಮೂರು ತಲೆಮಾರು, 12ನೆಯ ಶತಮಾನದಿಂದ ಇಂದಿನವರೆಗೆ ಅಳಿಯದೆ ನಿಂತಿದೆ. ಆದರೆ ಅವರು ಅರಮನೆಗೆ ಸೇರಿದವರು. ಬರದ ವರ್ಷದಲ್ಲಿ ಬಿತ್ತನೆಯ ರಾಗಿಯನ್ನು ಬಚ್ಚಿಟ್ಟು ಮಕ್ಕಳನ್ನು ಉಳಿಸಿದ ಹೆಂಗಸಿಗೆ ಯಾರು ಕಲ್ಲು ನೆಡಿಸುತ್ತಾರೆ?

ಇದು ಬರಿಯ ಭಾವುಕತೆಯ ಮಾತಲ್ಲ. ಇಂದು ಪೌತಿ ಖಾತೆಗೆ, ಜಮೀನಿನ ಪಾಲಿಗೆ ವಂಶವೃಕ್ಷ ಬೇಕು. ಕರ್ನಾಟಕದಲ್ಲಿ 1994ರ ತಿದ್ದುಪಡಿಯೂ ದೇಶಕ್ಕೆಲ್ಲ 2005ರ ತಿದ್ದುಪಡಿಯೂ ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟವು. ಆದರೂ "ಮದುವೆಯಾಗಿ ಹೋದವಳಲ್ಲವೇ" ಎಂದು ಆಕೆಯ ಹೆಸರನ್ನು ಬಿಟ್ಟು ವಂಶವೃಕ್ಷ ಬರೆಸುವವರು ಇದ್ದಾರೆ. ಅಂದು ಹೆಸರು ಮರೆತುಹೋಯಿತು, ಇಂದು ಮರೆಸಲಾಗುತ್ತಿದೆ. ಈ ಎರಡರ ನಡುವಿನ ಅಂತರ ಬಹಳ ದೊಡ್ಡದು.

ಹುಡುಕುವುದಾದರೆ ಎಲ್ಲಿಂದ ಆರಂಭಿಸಬೇಕು? ಮೊದಲು ಮನೆಯ ಹಿರಿಯ ಹೆಂಗಸಿನ ಬಳಿ ಕುಳಿತುಕೊಳ್ಳಿ. ಇಸವಿ ಕೇಳಬೇಡಿ, "ಗಾಂಧಿ ತೀರಿಕೊಂಡಾಗ ನಿನಗೆ ಮದುವೆಯಾಗಿತ್ತೇ?" ಎಂದು ಕೇಳಿ. ತವರಿನ ಹೆಸರು ಬೇರೆ, ಗಂಡನ ಮನೆಯಲ್ಲಿ ಇಟ್ಟ ಹೆಸರು ಬೇರೆ ಇರುವುದುಂಟು; ಎರಡನ್ನೂ ಬರೆದುಕೊಳ್ಳಿ. ಹಳೆಯ ಕ್ರಯಪತ್ರ, ಮದುವೆಯ ಕರೆಯೋಲೆ, ಪಾತ್ರೆಯ ಮೇಲೆ ಕೆತ್ತಿಸಿದ ಹೆಸರು, ಯಾವುದನ್ನೂ ಕಡೆಗಣಿಸಬೇಡಿ. ಆಮೇಲೆ ಅವಳ ತವರೂರಿಗೆ ಹೋಗಿ. ಗಂಡನ ಊರು ಮರೆತ ಹೆಸರನ್ನು ತವರು ನೆನಪಿಟ್ಟಿರಬಹುದು.

ನಾನೂ ಅರಕಲಗೂಡು ಸೀಮೆಯಲ್ಲಿ ಅಲೆದೆ. ಎರಡು ಹಳ್ಳಿಗಳ ಜಗುಲಿಗಳಲ್ಲಿ ಕುಳಿತು ಮಜ್ಜಿಗೆ ಕುಡಿದೆ, ಹೆಸರು ಸಿಗಲಿಲ್ಲ. ನನ್ನ ವಂಶವೃಕ್ಷದಲ್ಲಿ ಆ ಎರಡು ಜಾಗಗಳನ್ನು ಅಳಿಸದೆ ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ. ಅವುಗಳ ಕೆಳಗೆ ಅಜ್ಜಿಯ ಹೆಸರು, ಅಮ್ಮನ ಹೆಸರು, ಸೋದರತ್ತೆಯರ, ಅಕ್ಕತಂಗಿಯರ ಹೆಸರು ಸಾಲಾಗಿವೆ. ಮುಂದೊಂದು ದಿನ ಯಾವಳಾದರೂ ಮೊಮ್ಮಗಳು ಮೊರ ಹಿಡಿದು ಅದೇ ಪ್ರಶ್ನೆ ಕೇಳಿದರೆ, ಉತ್ತರ ಕೊಡಲು ಅಷ್ಟಾದರೂ ಇರಲಿ.