ಫಿಲ್ಟರ್ ಬದಲಾಯಿಸಿದ ನಂತರ ಎಂಜಿನ್ ಚಾಲೂ ಆಗದಿದ್ದರೆ

(ಹೈದರಾಬಾದಿನ ಕನ್ನಡಿಗ ವಾಹನ ಚಾಲಕರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಹೈದರಾಬಾದು ನಗರಕ್ಕೂ ಮೋಟಾರು ಸಾರಿಗೆಗೂ ಹಳೆಯ ನಂಟಿದೆ. 1932ರಲ್ಲಿ ನಿಜಾಮ ಸಂಸ್ಥಾನದ ರೈಲ್ವೆಯ ರಸ್ತೆ ಸಾರಿಗೆ ಇಲಾಖೆಯು 27 ಬಸ್ಸುಗಳೊಂದಿಗೆ ಸೇವೆಯನ್ನು ಆರಂಭಿಸಿತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಇಂದಿಗೂ ಆ ಜಿಲ್ಲೆಗಳಿಗೆ ಇಲ್ಲಿಂದ ನಿತ್ಯವೂ ಲಾರಿ, ಬಸ್ಸುಗಳು ಸಂಚರಿಸುತ್ತವೆ.

ನಸುಕಿನಲ್ಲಿ ಔಷಧಗಳನ್ನು ಹೊತ್ತು ಬೀದರಿಗೆ ಹೊರಡಬೇಕಾದ ಹಳೆಯ ಮಾದರಿಯ ಲಾರಿಯೊಂದನ್ನು ಭಾವಿಸಿಕೊಳ್ಳಿ. ಹಿಂದಿನ ಸಂಜೆ ಅದರ ಡೀಸೆಲ್ ಫಿಲ್ಟರನ್ನು ಬದಲಾಯಿಸಲಾಗಿದೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಮಾತ್ರ ಚಾಲೂ ಆಗುವುದಿಲ್ಲ. ಚಾಲಕನು ಮತ್ತೆ ಮತ್ತೆ ಪ್ರಯತ್ನಿಸುತ್ತಾನೆ. ಬ್ಯಾಟರಿ ಬರಿದಾಗುತ್ತದೆ, ಸ್ಟಾರ್ಟರ್ ಸುಟ್ಟುಹೋಗುವ ಸಂಭವವೂ ಉಂಟು. ಕೊನೆಗೆ ಪಂಪನ್ನೇ ಬಿಚ್ಚಿಸಿ ಹಣವನ್ನು ವ್ಯಯಿಸುವುದೂ ಉಂಟು. ಆದರೆ ಬಹುತೇಕ ಇಂತಹ ಪ್ರಸಂಗಗಳಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಇಂಧನದ ಕೊಳವೆಯಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಇದನ್ನೇ ಗ್ಯಾರೇಜುಗಳಲ್ಲಿ ‘ಏರ್ ಲಾಕ್’ ಎನ್ನುತ್ತಾರೆ.

ಪೆಟ್ರೋಲ್ ಎಂಜಿನಿನಂತೆ ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನಲ್ಲಿ ಒತ್ತಿ ಬಿಸಿಯಾದ ಗಾಳಿಯ ಮೇಲೆ ಡೀಸೆಲ್ ತುಂತುರಾಗಿ ಬಿದ್ದಾಗ ಅದು ತಾನೇ ಉರಿಯುತ್ತದೆ. ಈ ತುಂತುರಿಗೆ ವಾತಾವರಣದ ಒತ್ತಡದ ನೂರಕ್ಕೂ ಮಿಕ್ಕಿದ ಪಟ್ಟು ಒತ್ತಡ ಅಗತ್ಯ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಒಳಗಿನ ಗಾಳಿ ಕುಗ್ಗುವುದು ತಿಳಿದಿರುವ ಸಂಗತಿ. ದ್ರವವು ಹಾಗೆ ಕುಗ್ಗದು. ಆದುದರಿಂದ ಗಾಳಿಯ ಗುಳ್ಳೆಗಳಿದ್ದಲ್ಲಿ ಪಂಪಿನ ಶ್ರಮವು ಅವುಗಳನ್ನು ಕುಗ್ಗಿಸುವುದರಲ್ಲಿಯೇ ಮುಗಿದು, ಇಂಜೆಕ್ಟರು ತೆರೆಯುವುದೇ ಇಲ್ಲ.

ಪರಿಹಾರ ಸರಳವಾಗಿದೆ. ಮೊದಲು ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಅದರ ಕಾಕ್ ತೆರೆದಿದೆಯೇ, ಫಿಲ್ಟರಿನ ಒಳಬರುವ ಹಾಗೂ ಹೊರಹೋಗುವ ಕೊಳವೆಗಳು ಅದಲುಬದಲಾಗಿಲ್ಲವೇ, ಬಿಚ್ಚಿದ ವೈರುಗಳನ್ನು ಮರಳಿ ಜೋಡಿಸಲಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಹಳೆಯ ವಾಷರನ್ನೇ ಮತ್ತೆ ಹಾಕಿದ್ದರೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಅನಂತರ ಫಿಲ್ಟರಿನ ಮೇಲಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಕೆಳಗೆ ಬಟ್ಟೆಯನ್ನಿಟ್ಟು, ಕೈಪಂಪನ್ನು ಒತ್ತಬೇಕು. ಮೊದಲು ನೊರೆ ಬರುತ್ತದೆ. ಗುಳ್ಳೆಗಳು ನಿಂತು ಶುದ್ಧ ಡೀಸೆಲ್ ಹರಿದಾಗ ತಿರುಪನ್ನು ಬಿಗಿಮಾಡಬೇಕು. ಒಂದು ಬಾರಿಗೆ 10 ಸೆಕೆಂಡಿಗಿಂತ ಹೆಚ್ಚು ಕಾಲ ಸ್ಟಾರ್ಟರನ್ನು ತಿರುಗಿಸಕೂಡದು. ಮತ್ತೆ ಪ್ರಯತ್ನಿಸುವ ಮುನ್ನ ಅದಕ್ಕೆ ವಿಶ್ರಾಂತಿ ನೀಡುವುದು ಒಳ್ಳೆಯದು. ಚೆಲ್ಲಿದ ಡೀಸೆಲನ್ನು ಒರೆಸಬೇಕು. ಬೀಡಿ ಸಿಗರೇಟುಗಳನ್ನು ದೂರವಿಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಇಂದಿನ ‘ಕಾಮನ್ ರೈಲ್’ ಎಂಜಿನುಗಳಲ್ಲಿ ಒತ್ತಡವು 1,000 ಬಾರನ್ನೂ ಮೀರುತ್ತದೆ. ಅವುಗಳ ಇಂಜೆಕ್ಟರಿನ ಕೊಳವೆಯನ್ನು ಎಂದಿಗೂ ಸಡಿಲಿಸಬಾರದು. ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಗಾಯವು ಸೂಜಿಯ ಚುಚ್ಚಿನಷ್ಟು ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಇಂತಹ ವಾಹನಗಳಿಗೆ ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಕ್ರಮವೇ ಪ್ರಮಾಣ.

ಫಿಲ್ಟರನ್ನು ಪ್ರಯಾಣದ ಹಿಂದಿನ ದಿನವೇ ಬದಲಾಯಿಸಿ, ಗಾಳಿಯನ್ನು ಹೊರಬಿಟ್ಟು, ಎಂಜಿನನ್ನು ಕೆಲ ನಿಮಿಷ ಓಡಿಸಿ, ಸೋರಿಕೆಯಿಲ್ಲವೆಂದು ದೃಢಪಡಿಸಿಕೊಂಡರೆ ಬೆಳಗಿನ ಆತಂಕವಿರುವುದಿಲ್ಲ. ಔಷಧವಾಗಲಿ, ಪ್ರಯಾಣಿಕರಾಗಲಿ ಸಕಾಲಕ್ಕೆ ತಲುಪುವುದು ಈ ಕೆಲವು ನಿಮಿಷಗಳ ಜಾಗರೂಕತೆಯನ್ನು ಅವಲಂಬಿಸಿದೆ.