ಬರೆಯದೆ ಉಳಿದ ಪುಟಗಳು
(ಶತಮಾನೋತ್ಸವದ ಸಂಗೀತ ಸಂಜೆಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಸಾಧನೆಯನ್ನು ನೆನೆಯುವ ಈ ಸಂಜೆ, ಪೂರ್ಣಗೊಳ್ಳದ ಒಂದು ಕೃತಿಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ. ಯೋಹಾನ್ ಸೆಬಾಸ್ಟಿಯನ್ ಬಾಖ್ 1708ರಿಂದ 1717ರವರೆಗೆ ಜರ್ಮನಿಯ ವೈಮಾರ್ ಆಸ್ಥಾನದಲ್ಲಿ ಆರ್ಗನ್ ವಾದಕರಾಗಿದ್ದರು. ಆ ಕಾಲದಲ್ಲಿ ಅವರು ‘ಆರ್ಗನ್ನಿನ ಕಿರುಹೊತ್ತಗೆ’ಯೊಂದನ್ನು ಆರಂಭಿಸಿ, 164 ಸ್ತೋತ್ರಗೀತೆಗಳ ಹೆಸರು ಬರೆದು ಪುಟಗಳನ್ನು ಮೀಸಲಿಟ್ಟರು. ಪೂರ್ತಿಯಾದ ರಚನೆಗಳು 46 ಮಾತ್ರ.

ಅವರ ಶೈಲಿ ಮಿತವಾದುದು, ಆದರೆ ಆಳವಾದುದು. ಭಕ್ತಸಭೆ ಬಲ್ಲ ರಾಗವೇ ಸಾಮಾನ್ಯವಾಗಿ ಮೇಲಿನ ಧ್ವನಿಯಲ್ಲಿ ಸಾಗುತ್ತದೆ. ನಡುವಣ ಧ್ವನಿಗಳು ಚಿಕ್ಕದೊಂದು ಸ್ವರಗುಚ್ಛವನ್ನು ಮತ್ತೆ ಮತ್ತೆ ಹೆಣೆಯುತ್ತವೆ. ಪಾದಗಳಿಂದ ನುಡಿಸುವ ಪೆಡಲಿಗೆ ತನ್ನದೇ ಆದ ಕೆಲಸವುಂಟು. ಆದಾಮನ ಪತನವನ್ನು ಕುರಿತ ಗೀತೆಯಲ್ಲಿ ಪೆಡಲಿನ ಸ್ವರಗಳು ಮೇಲಿನಿಂದ ಕೆಳಕ್ಕೆ ದೂರ ದೂರ ಬೀಳುತ್ತವೆ. ಮಾತಿಲ್ಲದೆಯೇ ಅರ್ಥ ಮನಸ್ಸಿಗೆ ಇಳಿಯುತ್ತದೆ.

ಯೇಸುಸ್ವಾಮಿಯ ಸಮಾಧಿಯ ಮುಂದೆ ಶೋಕಿಸುವ ‘ಓ ಟ್ರೌರಿಗ್‌ಕೈಟ್’ ಎಂಬ ಗೀತೆಗೆ ಬಾಖ್ ‘ಅತಿ ನಿಧಾನ’ವೆಂಬ ಸೂಚನೆ ಬರೆದರು, ಸುಮಾರು ಎರಡು ಆವರ್ತಗಳಷ್ಟು ಸ್ವರ ಹಾಕಿ ನಿಲ್ಲಿಸಿಬಿಟ್ಟರು. ಈ ಗೀತೆಯ ಚರಿತ್ರೆ ಗಮನಾರ್ಹವಾದುದು. ಇದರ ಮೊದಲ ಚರಣ 1628ರಲ್ಲಿ ಯೇಸುಸಭೆಯ ಗುರು ಫ್ರೀಡ್ರಿಖ್ ಸ್ಪೇ ಅವರಿಂದ ಬಂದದ್ದು. ಪ್ಲೇಗಿಗೆ ತುತ್ತಾದ ಸೈನಿಕರ ಶುಶ್ರೂಷೆ ಮಾಡುತ್ತಾ ಆ ಗುರುಗಳು 1635ರಲ್ಲಿ ಟ್ರಿಯರ್ ನಗರದಲ್ಲಿ ತೀರಿಕೊಂಡರು. 1641ರಲ್ಲಿ ಲೂಥರನ್ ಸಭೆಯ ಪಾಲಕ ಯೋಹಾನ್ ರಿಸ್ಟ್ ಮುಂದಿನ ಚರಣಗಳನ್ನು ಸೇರಿಸಿದರು. ಮೂವತ್ತು ವರ್ಷಗಳ ಯುದ್ಧ ಆ ನಾಡನ್ನು ಸುಡುತ್ತಿದ್ದ ದಿನಗಳವು. ಆದರೂ ಒಬ್ಬರು ಆರಂಭಿಸಿದ ಶೋಕಗೀತೆಯನ್ನು ಇನ್ನೊಂದು ಸಭೆಯವರು ತಮ್ಮದಾಗಿಸಿಕೊಂಡರು.

ಮುಂದೆ ಕ್ಯೋತನ್ ನಗರದಲ್ಲಿದ್ದಾಗ ಬಾಖ್ ಈ ಹೊತ್ತಗೆಗೆ ಮುಖಪುಟ ಬರೆದರು. ಇದು ಕಲಿಯತೊಡಗಿದ ಆರ್ಗನ್ ವಾದಕನಿಗಾಗಿ, ದೇವರ ಮಹಿಮೆಗಾಗಿ ಹಾಗೂ ನೆರೆಯವನ ಕಲಿಕೆಗಾಗಿ ಎಂಬುದು ಅದರ ಆಶಯ. ಬರಿದಾದ ಪುಟಗಳಿದ್ದರೂ ಅದನ್ನು ಕಲಿಯುವವರಿಗೆ ಅರ್ಪಿಸಲು ಅವರು ಹಿಂಜರಿಯಲಿಲ್ಲ.

ಗಾನವೃಂದದ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ನಿಮಗೆ ತಿಳಿದಷ್ಟನ್ನು ಈ ವರ್ಷವೇ ಒಂದು ಮಗುವಿಗಾದರೂ ಕಲಿಸಿರಿ. ಎಲ್ಲವನ್ನೂ ಬಲ್ಲವರಾಗುವವರೆಗೆ ಕಾಯಬೇಡಿರಿ. ನುಡಿಸುವ ಒಂದು ಜೊತೆ ಕೈಗಳು ದಣಿದಾಗ, ಬಲಿಪೂಜೆಯಲ್ಲಿ ಹಾಡು ನಿಲ್ಲಬಾರದು.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.