ಮೆಲುದನಿಯ ಸತ್ಯ: ಕಮಾಲ್ ಖಾನ್ ಸ್ಮರಣೆ

(ಸ್ಮರಣಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



2022ರ ಜನವರಿ 14ರ ಶುಕ್ರವಾರ ಬೆಳಿಗ್ಗೆ ಲಕ್ನೋದಿಂದ ಬಂದ ಸುದ್ದಿಯನ್ನು ನಂಬುವುದು ಸುಲಭವಾಗಿರಲಿಲ್ಲ. ಎನ್‌ಡಿಟಿವಿಯ ಹಿರಿಯ ಪತ್ರಕರ್ತ ಕಮಾಲ್ ಖಾನ್ ಹೃದಯಾಘಾತದಿಂದ ಕೊನೆಯುಸಿರೆಳೆದಿದ್ದರು. ಅವರಿಗೆ 61 ವರ್ಷ ವಯಸ್ಸು. ಉತ್ತರ ಪ್ರದೇಶದಲ್ಲಿ ವಿಧಾನಸಭಾ ಚುನಾವಣೆ ಘೋಷಣೆಯಾಗಿತ್ತು. ಮೂರು ದಿನಗಳಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟಿದ್ದರು. ಹಿಂದಿನ ಸಂಜೆಯಷ್ಟೇ ಕಮಾಲ್ ಖಾನ್ ಪರದೆಯ ಮೇಲೆ ಬಂದು, ತಮ್ಮ ಎಂದಿನ ಶಾಂತ ದನಿಯಲ್ಲಿ ಆ ಬೆಳವಣಿಗೆಗಳ ಒಳಹೊರಗನ್ನು ವಿವರಿಸಿದ್ದರು. ಬೆಳಗಾಗುವಷ್ಟರಲ್ಲಿ ಸುದ್ದಿ ಹೇಳುವವರೇ ಸುದ್ದಿಯಾಗಿದ್ದರು. ಮನುಷ್ಯನ ಆಯುಷ್ಯದ ಬಗ್ಗೆ ಇದಕ್ಕಿಂತ ದೊಡ್ಡ ಉಪದೇಶ ಬೇರೆ ಬೇಕೇ?

ಅವರು ನಮ್ಮ ನಾಡಿನವರಲ್ಲ, ನಮ್ಮಲ್ಲಿ ಹೆಚ್ಚಿನವರು ಅವರನ್ನು ಮುಖತಃ ಕಂಡವರೂ ಅಲ್ಲ. ಆದರೂ ಉರ್ದು ಮತ್ತು ಹಿಂದಿ ಬಲ್ಲ ನಮ್ಮ ಮನೆಗಳಲ್ಲಿ ಅವರು ಪರಿಚಿತರಾಗಿದ್ದರು. ಲಕ್ನೋದ ಆ ನಯವಾದ ಭಾಷೆ, ಮಧ್ಯೆ ಮಧ್ಯೆ ಔಚಿತ್ಯವರಿತು ಬರುವ ಒಂದು ಶೇರ್, ಯಾರನ್ನೂ ಕೀಳಾಗಿ ಕರೆಯದ ನಾಲಗೆ - ಇವು ಅವರ ಗುರುತಾಗಿದ್ದವು. ರಷ್ಯನ್ ಭಾಷೆಯನ್ನು ಕಲಿತು, ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ಅನುವಾದಕರಾಗಿದ್ದವರು ಅವರು. ಬಳಿಕ ಪತ್ರಿಕೆಗಳಿಗೆ, ಅಲ್ಲಿಂದ ದೂರದರ್ಶನ ಪತ್ರಿಕೋದ್ಯಮಕ್ಕೆ ಬಂದರು. ಸುಮಾರು ಮೂರು ದಶಕಗಳ ಕಾಲ ಉತ್ತರ ಪ್ರದೇಶವನ್ನು ದೇಶಕ್ಕೆ ತೋರಿಸಿದರು. ರಾಮನಾಥ್ ಗೋಯೆಂಕಾ ಪ್ರಶಸ್ತಿಯೂ ಗಣೇಶ್ ಶಂಕರ್ ವಿದ್ಯಾರ್ಥಿ ಪ್ರಶಸ್ತಿಯೂ ಅವರಿಗೆ ಸಂದವು. ಎರಡನೆಯ ಹೆಸರನ್ನು ನಾವು ವಿಶೇಷವಾಗಿ ನೆನಪಿಡಬೇಕು. 'ಪ್ರತಾಪ್' ಪತ್ರಿಕೆಯ ಸಂಪಾದಕರಾಗಿದ್ದ ಗಣೇಶ್ ಶಂಕರ್ ವಿದ್ಯಾರ್ಥಿಯವರು 1931ರ ಕಾನ್ಪುರ ಗಲಭೆಯಲ್ಲಿ ಜನರ ಪ್ರಾಣ ಉಳಿಸಲು ಹೋಗಿ ತಮ್ಮ ಪ್ರಾಣ ತೆತ್ತವರು.

ಕಮಾಲ್ ಖಾನ್‌ರ ಕೆಲಸದ ಕ್ರಮವನ್ನು ಅವರ ಸಹೋದ್ಯೋಗಿ ರವೀಶ್ ಕುಮಾರ್ ನೆನಪಿಸಿಕೊಂಡಿದ್ದಾರೆ. ಎರಡು ನಿಮಿಷದ ವರದಿಗಾಗಿ ಅವರು ದಿನವಿಡೀ ಓದುತ್ತಿದ್ದರು, ಯೋಚಿಸುತ್ತಿದ್ದರು. ಈ ಮಾತಿನ ತೂಕವನ್ನು ತಿಳಿಯಬೇಕಾದರೆ ಅಯೋಧ್ಯೆಯನ್ನು ನೆನೆಯಬೇಕು. 2010ರ ಸೆಪ್ಟೆಂಬರ್ 30ರಂದು ಅಲಹಾಬಾದ್ ಹೈಕೋರ್ಟಿನ ತೀರ್ಪು ಬಂತು, 2019ರ ನವೆಂಬರ್ 9ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು, 2020ರ ಆಗಸ್ಟ್ 5ರಂದು ಭೂಮಿಪೂಜೆ ನಡೆಯಿತು. ಒಂದು ಪದ ಹೆಚ್ಚು ಕಡಿಮೆಯಾದರೂ ಕಿಡಿ ಹಾರಬಹುದಾದ ವಿಷಯವದು. ವರದಿಗಾರನ ಹೆಸರೇ ಮುಸ್ಲಿಮ್ ಹೆಸರಾಗಿದ್ದರೆ ಪ್ರತಿ ವಾಕ್ಯವನ್ನೂ ತಕ್ಕಡಿಯಲ್ಲಿಟ್ಟು ತೂಗುವವರಿರುತ್ತಾರೆ. ಅಂತಹ ಊರಿನಿಂದ ಅವರು ವರ್ಷಾನುಗಟ್ಟಲೆ ವರದಿ ಮಾಡಿದರು. ಅಲ್ಲಿನ ಪರಂಪರೆಯನ್ನು ಓದಿಕೊಂಡು, ತುಳಸೀದಾಸರನ್ನು ಬಲ್ಲವರಾಗಿ ಮಾತನಾಡಿದರು. ತಿಳಿದು ಮಾತನಾಡುವವನ ಮಾತನ್ನು ಒಪ್ಪದವನೂ ಕೇಳಿಸಿಕೊಳ್ಳುತ್ತಾನೆ.

ಅವರ ಮರಣದ ನಂತರ ಎರಡು ಬಗೆಯ ಮಾತುಗಳು ಕೇಳಿಬಂದವು. ಕೆಲವರು ಅವರನ್ನು 'ನಮ್ಮವರು' ಎಂದಷ್ಟೇ ಕೊಂಡಾಡಿದರು. ಇನ್ನು ಕೆಲವರು 'ಮುಸ್ಲಿಮರಾಗಿದ್ದೂ ಎಷ್ಟೊಂದು ಒಳ್ಳೆಯವರು' ಎಂಬ ಧಾಟಿಯಲ್ಲಿ ಹೊಗಳಿದರು. ವಸ್ತುತಃ ಇವೆರಡೂ ಆ ವ್ಯಕ್ತಿಯನ್ನು ಕಿರಿದುಗೊಳಿಸುವ ಮಾತುಗಳು. ಅವರು ಸಮುದಾಯದ ವಕೀಲರೂ ಆಗಿರಲಿಲ್ಲ, ಇತರರನ್ನು ಮೆಚ್ಚಿಸಲು ನಿಂತ ಪ್ರದರ್ಶನದ ಗೊಂಬೆಯೂ ಆಗಿರಲಿಲ್ಲ. ಅವರು ಓರ್ವ ವರದಿಗಾರ. ಬಿಎಸ್‌ಪಿ, ಸಮಾಜವಾದಿ ಪಕ್ಷ, ಬಿಜೆಪಿ - ಮೂರೂ ಪಕ್ಷಗಳ ಸರಕಾರಗಳನ್ನು ಅವರು ವರದಿ ಮಾಡಿದರು. ಅವರು ತೀರಿಕೊಂಡಾಗ ಯೋಗಿ ಆದಿತ್ಯನಾಥ್, ಅಖಿಲೇಶ್ ಯಾದವ್, ಮಾಯಾವತಿ ಮೂವರೂ ಸಂತಾಪ ಸೂಚಿಸಿದರು. ನಾಯಕರ ಸಂತಾಪ ಶಿಷ್ಟಾಚಾರವೂ ಆಗಿರಬಹುದು. ಆದರೆ ಅಷ್ಟು ವರ್ಷ ಅಧಿಕಾರಸ್ಥರನ್ನು ಪ್ರಶ್ನಿಸಿದ ಬಳಿಕವೂ ಎಲ್ಲ ಕಡೆಯವರ ಗೌರವವನ್ನು ಉಳಿಸಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಮೃದುವಾಗಿ ಮಾತನಾಡುವವನನ್ನು ಹೇಡಿ ಎನ್ನುವ ರೂಢಿ ಇಂದು ಬೆಳೆದಿದೆ. ಕಿರುಚಿದರೆ ಧೈರ್ಯವಂತ, ಬೈದರೆ ಸತ್ಯವಂತ! ಈ ರೂಢಿಯ ಫಲವನ್ನು ನಾವು ಕಂಡಿದ್ದೇವೆ. 2020ರಲ್ಲಿ ಕೊರೋನಾ ಹರಡಿದ ಆರೋಪವನ್ನು ತಬ್ಲೀಗ್ ಜಮಾಅತ್‌ನ ಮೇಲೆ ಹೊರಿಸಿ ವಾಹಿನಿಗಳು ವಾರಗಟ್ಟಲೆ ಕೂಗಿದವು. ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶೀ ತಬ್ಲೀಗ್ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಗೊಳಿಸಿ, ಅವರನ್ನು ಬಲಿಪಶು ಮಾಡಲಾಗಿದೆಯೆಂದೂ, ಮಾಧ್ಯಮಗಳ ಪ್ರಚಾರ ಸರಿಯಾದುದಲ್ಲವೆಂದೂ ಹೇಳಿತು. ಆದರೆ ಕೂಗು ತಲುಪಿದಷ್ಟು ಮನೆಗಳಿಗೆ ತೀರ್ಪು ತಲುಪಿತೇ? 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ದ್ವೇಷ ಭಾಷಣದ ಪ್ರಕರಣವೊಂದರಲ್ಲಿ ಟಿವಿ ನಿರೂಪಕರ ಹೊಣೆಗಾರಿಕೆಯನ್ನು ಪ್ರಶ್ನಿಸಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ ಎನ್‌ಡಿಟಿವಿಯ ಒಡೆತನ ಅದಾನಿ ಸಮೂಹಕ್ಕೆ ಹೋಯಿತು, ರವೀಶ್ ಕುಮಾರ್ ಹೊರನಡೆದರು. ಸ್ಟುಡಿಯೋದಲ್ಲಿ ನಾಲ್ವರನ್ನು ಕೂರಿಸಿ ಜಗಳವಾಡಿಸುವುದಕ್ಕೆ ಖರ್ಚು ಕಡಿಮೆ. ವರದಿಗಾರನನ್ನು ಹಳ್ಳಿಗೆ ಕಳುಹಿಸಿ, ಅವನಿಗೆ ಓದಲು ಒಂದು ದಿನ ಕೊಟ್ಟು, ಎರಡು ನಿಮಿಷದ ಸತ್ಯ ಹೇಳಿಸುವುದಕ್ಕೆ ಹಣವೂ ಬೇಕು, ತಾಳ್ಮೆಯೂ ಬೇಕು. ಕಮಾಲ್ ಖಾನ್‌ರ ಅಗಲಿಕೆಯಿಂದ ಓರ್ವ ವ್ಯಕ್ತಿಯಷ್ಟೇ ಇಲ್ಲವಾಗಿಲ್ಲ, ಈ ಎರಡನೆಯ ದಾರಿಯೂ ಮತ್ತಷ್ಟು ನಿರ್ಜನವಾಗಿದೆ.

ಹಾಗಾದರೆ ನಮ್ಮ ಪಾತ್ರವೇನು? ಮಾಧ್ಯಮಗಳು ನಮ್ಮ ವಿರುದ್ಧ ಇವೆಯೆಂದು ನಾವು ಪ್ರತಿದಿನ ದೂರುತ್ತೇವೆ. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನಮ್ಮ ಮನೆಯ ಹುಡುಗನೋ ಹುಡುಗಿಯೋ ಪತ್ರಿಕೋದ್ಯಮ ಓದುತ್ತೇನೆಂದರೆ ನಾವು ಏನನ್ನುತ್ತೇವೆ? ಇಂಜಿನಿಯರಿಂಗ್ ಸೀಟು ಸಿಗಲಿಲ್ಲವೇ ಎಂದು ಕೇಳುತ್ತೇವೆ. ಒಂದು ಪತ್ರಿಕೆಯ ವಾರ್ಷಿಕ ಚಂದಾ ಕಟ್ಟಲು ಹಿಂಜರಿಯುತ್ತೇವೆ. ವಾಹಿನಿಗಳು ಪರಿಶೀಲಿಸದೆ ಸುದ್ದಿ ಬಿತ್ತರಿಸುತ್ತವೆಂದು ಸಿಟ್ಟಾಗುವವರೇ ಮೊಬೈಲ್‌ಗೆ ಬಂದ ವೀಡಿಯೊ ಯಾವ ಊರಿನದು, ಯಾವ ವರ್ಷದ್ದು ಎಂದು ನೋಡದೆ ಹತ್ತು ಗುಂಪುಗಳಿಗೆ ದಾಟಿಸುತ್ತಾರೆ. ಇದು ನ್ಯಾಯವೇ? ಸುಳ್ಳು ನಮ್ಮ ಪರವಾಗಿದ್ದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ.

ಯುವ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಭಾಷೆಯನ್ನು ಕಲಿಯಿರಿ. ನಮ್ಮ ನಾಡಿನಲ್ಲಿ ಅದು ಮೊದಲು ಕನ್ನಡ. ನೆರೆಯವರ ನಂಬಿಕೆಯನ್ನೂ ಸಾಹಿತ್ಯವನ್ನೂ ಅವರಿಂದಲೇ ತಿಳಿಯಿರಿ. ಒಂದು ಮಾತು ಹೇಳುವ ಮೊದಲು ಹತ್ತು ಪುಟ ಓದಿರಿ. ಎದುರಿನವನು ಕಿರುಚಿದಾಗ ದನಿ ತಗ್ಗಿಸಿ, ಆದರೆ ಹೇಳಬೇಕಾದುದನ್ನು ಬಿಡಬೇಡಿ. ಕಮಾಲ್ ಖಾನ್ ಬಿಟ್ಟುಹೋದ ಆಸ್ತಿ ಇದುವೇ. ಕಣ್ಣೀರಿನ ಋಣವನ್ನು ಒಂದು ಸಭೆಯಲ್ಲಿ ತೀರಿಸಬಹುದು, ಈ ಋಣ ತೀರಿಸಲು ಕೆಲಸ ಮಾಡಬೇಕು.

ಅವರ ಪತ್ನಿಯೂ ಪತ್ರಕರ್ತೆ. ಆ ಕುಟುಂಬಕ್ಕೆ ಅಲ್ಲಾಹನು ಸಹನೆಯನ್ನು ನೀಡಲಿ, ಮರ್ಹೂಮರಿಗೆ ಮಗ್ಫಿರತ್ ಕರುಣಿಸಲಿ. ಅವರು ನಿಂತಿದ್ದ ಜಾಗದಲ್ಲಿ ನಿಲ್ಲಬಲ್ಲವರು ನಮ್ಮ ಮನೆಗಳಿಂದಲೂ, ನೆರೆಯ ಮನೆಗಳಿಂದಲೂ ಎದ್ದು ಬರಲಿ. ಆಮೀನ್.